ಹೊರಬೀಡಿನ ಆಷಾಢ

ಹೋದ ಆಷಾಢದಲ್ಲಿ ನಂಟರೊಬ್ಬರನ್ನು ನೋಡಿಕೊಂಡು ಬರುವಾಗ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಬೇಕಾಯಿತು. ಚಾಮರಾಜನಗರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಗಾಳಿ ಸೆರಗನ್ನು ನಿಲ್ಲಗೊಡುತ್ತಿರಲಿಲ್ಲ. ರಸ್ತೆಯಾಚೆ ಕೇರಳಕ್ಕೆ ಹೋಗುವ ಪಿಕಪ್ ಗಾಡಿಯೊಂದಕ್ಕೆ ಚೆಂಡುಹೂವಿನ ಮೂಟೆಗಳನ್ನು ತುಂಬುತ್ತಿದ್ದರು. ಗಾಳಿ ಒಮ್ಮೆ ನನ್ನ ಕಡೆಗೆ ತಿರುಗಿತು. ಆ ಹಸಿ, ಕಹಿ, ಮೂಗಿನೊಳಗೆ ಹೋಗಿ ಕೂರುವ ವಾಸನೆ ಬಂತು ನೋಡಿ, ನನ್ನ ಬಸ್ಸು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ತೆರಕಣಾಂಬಿಯ ಆಚೆ, ಹೂವಿನ ಹೊಲವೊಂದರ ಬದುವಿನ ಮೇಲೆ, ಇಡೀ ಒಂದು ಊರಿನ ಜೊತೆ ಕೂತು ಬರಿದಾದ ಊರನ್ನು ನೋಡಿದ ದಿನ ಕಣ್ಣ ಮುಂದೆ ಬಂದು ನಿಂತಿತು.

ಆ ಊರಿನ ಹೆಸರು ಇಲ್ಲಿ ಬೇಡ. ಓದಿದರೆ ಅವರಿಗೆ ಗೊತ್ತಾಗುತ್ತದೆ, ಅಷ್ಟು ಸಾಕು.

ಆಗ ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದೆ. ಮೈಸೂರಿನ ಸಣ್ಣ ಸಂಸ್ಥೆಯೊಂದರವರು ಬಂದು, ಸ್ಥಳೀಯ ವರದಿಗಾರರಿಗೂ ಪಂಚಾಯಿತಿ ಸದಸ್ಯರಿಗೂ ಒಂದು ಮಳೆಗಾಲದಷ್ಟು ಕಾಲ ಶನಿವಾರದ ತರಗತಿ ನಡೆಸಿಕೊಡಬೇಕೆಂದು ಕೇಳಿದರು. ವಿಷಯ: ಸಾರ್ವಜನಿಕ ಬದುಕಿನಲ್ಲಿ ಧರ್ಮ. ಯಾರದೋ ದೇವರ ಬಗ್ಗೆ ಇನ್ನಾರೋ ಅರ್ಧ ತಿಳಿದು ಬರೆದದ್ದು, ಅರ್ಧ ತಿಳಿದು ಆಡಿದ್ದು ಬೆಳಗಾಗುವುದರೊಳಗೆ ಬೀದಿಗೆ ಬರುವ ಕಾಲ ಇದು; ಬರೆಯುವವರಿಗೂ ಆಳುವವರಿಗೂ ಸ್ವಲ್ಪ ತಿಳಿವಳಿಕೆ ಇದ್ದರೆ ಒಳ್ಳೆಯದಲ್ಲವೇ ಎಂದರು. ಒಪ್ಪಿಕೊಂಡೆ. ಕುದೇರಿನ ಕಡೆಯ ಮನೆಯಲ್ಲಿ ಹುಟ್ಟಿ, ದಿನವೂ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಪೂಜೆ ಮಾಡುವ ಅಪ್ಪನನ್ನು ನೋಡುತ್ತ ಬೆಳೆದವಳು ನಾನು. ಧರ್ಮ ನನಗೆ ಬರೀ ಪಾಠದ ವಿಷಯವಾಗಿರಲಿಲ್ಲ.

ಮಾಳಿಗೆ ಮೇಲಿನ ಒಂದು ಕೊಠಡಿ ಸಿಕ್ಕಿತು. ಮೇಲೆ ತಗಡು. ಮಳೆ ಬಂದರೆ ಪಾಠ ನಿಲ್ಲಿಸಿ ಚಹಾ ಕುಡಿಯಬೇಕು. ಹರದನಹಳ್ಳಿಯಿಂದ ಸ್ಕೂಟರಿನಲ್ಲಿ ಬರುವ ಸದಸ್ಯರಿಂದ ಹಿಡಿದು ಗುಂಡ್ಲುಪೇಟೆಯ ವರದಿಗಾರರವರೆಗೆ ಹತ್ತಿಪ್ಪತ್ತು ಜನ ಸೇರುತ್ತಿದ್ದರು. ಮೊದಲ ದಿನ ನಾನು ಕೇಳಿದೆ: "ಹೋದ ವರ್ಷ ಧರ್ಮದ ಬಗ್ಗೆ ಏನೇನು ಬರೆದಿರಿ?"

ಗುಂಡ್ಲುಪೇಟೆಯ ಮಹದೇವಸ್ವಾಮಿ ಎದ್ದು ನಿಂತ. ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟುಕೊಂಡು, ಒಂದು ಪತ್ರಿಕೆಗೂ ಒಂದು ಟಿವಿ ಚಾನೆಲ್ಲಿಗೂ ಸುದ್ದಿ ಕಳಿಸುತ್ತಿದ್ದವನು. ಚುರುಕು ಕಣ್ಣು, ಚುರುಕು ಬಾಯಿ.

"ಪೊಲೀಸ್ ಬಂದೋಬಸ್ತ್ ಇದ್ರೆ ಸುದ್ದಿ ಮೇಡಂ. ಬಂದೋಬಸ್ತ್ ಇಲ್ಲಾಂದ್ರೆ ಒಂದ್ ಫೋಟೊ, ಕೆಳಗೆ ಎರಡ್ ಸಾಲು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಮ್ಮ ಕೆಲಸ ಏನೆಂದು ಆ ಮಾತೇ ಹೇಳಿಬಿಟ್ಟಿತು. ಒಂದು ಶನಿವಾರ ಮಸೀದಿಯ ಹಿರಿಯರೊಬ್ಬರ ಜೊತೆ ಕೂತೆವು, ಮತ್ತೊಂದು ಶನಿವಾರ ಚರ್ಚಿನ ಪಾದ್ರಿಗಳ ಜೊತೆ. ದೇವರ ಕಥೆ ಹಾಡುವ ನೀಲಗಾರರೊಬ್ಬರು ತಂಬೂರಿ ತಂದು ಪಕ್ಕಕ್ಕಿಟ್ಟು, ತಾವು ದೀಕ್ಷೆ ಪಡೆದ ದಿನದ ಬಗ್ಗೆ ಹೇಳುತ್ತ ಅತ್ತುಬಿಟ್ಟರು. ಯಾವುದನ್ನು ನೋಡಿದರೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ ಎನ್ನುತ್ತಿದ್ದೆ: ಇದನ್ನು ಮಾಡುವವರಿಗೆ ಇದು ಏನು? ಸರಿಯೋ ತಪ್ಪೋ ಎಂಬುದು ಆಮೇಲೆ.

ಆಷಾಢ ಹಿಡಿದ ಮೇಲೆ ಒಂದು ಶನಿವಾರ, ತರಗತಿಗೆ ತಪ್ಪದೆ ಬರುತ್ತಿದ್ದ ರತ್ನಮ್ಮ ಪಾಠ ಮುಗಿದರೂ ಏಳಲಿಲ್ಲ. ಅವರು ತಮ್ಮ ಊರಿನ ಪಂಚಾಯಿತಿ ಅಧ್ಯಕ್ಷೆ. ಅರಿಶಿನ, ಸಣ್ಣ ಈರುಳ್ಳಿ ಬೆಳೆಯುವ ಶಿವಭಕ್ತರ ಮನೆಯವರು. ಮಾತು ಕಡಿಮೆ. ಅಂದು ಕೈಚೀಲದ ಹಿಡಿಯನ್ನು ತಿರುಚುತ್ತ ಹೇಳಿದರು:

"ಮೇಡಂ, ನಮ್ಮೂರಲ್ಲಿ ಈ ಸಲ ಹೊರಬೀಡು ಅದೆ. ಒಂದು ಮನೆಯೋರು ಒರ್ಗೆ ಬರಕಿಲ್ಲ ಅಂತಾವ್ರೆ. ಏನಾಯ್ತದೋ ಗೊತ್ತಿಲ್ಲ."

ಹೊರಬೀಡೆಂದರೆ ಊರಿಗೆ ಊರೇ ಒಂದು ಹಗಲು ಹೊರಗೆ ಹೋಗುವುದು. ಮಕ್ಕಳು, ಮುದುಕರು, ದನ, ಕೋಳಿ, ನಾಯಿ ಎಲ್ಲವನ್ನೂ ಕರೆದುಕೊಂಡು ಮನೆಗಳಿಗೆ ಬೀಗ ಹಾಕಿ, ಊರಬಾಗಿಲಿಗೆ ಜಾಲಿಮುಳ್ಳು ಎಳೆದು, ಹೊಲದಲ್ಲಿ ಅಡುಗೆ ಮಾಡಿಕೊಂಡು ಉಣ್ಣುತ್ತಾರೆ. ಹೊತ್ತು ಮುಳುಗುವವರೆಗೆ ಊರೊಳಗೆ ಮನುಷ್ಯರ ಉಸಿರಿರಬಾರದು. ಆ ದಿನ ಊರಿನ ದೇವತೆ ಮಾರಮ್ಮ ಬೀದಿಗಳಲ್ಲಿ ಓಡಾಡುತ್ತಾಳೆ ಎಂಬುದು ನಂಬಿಕೆ. ಕೆಲವು ವರ್ಷಗಳಿಗೊಮ್ಮೆ ಮಾಡುತ್ತಾರೆ. ಈ ಸಲ ಹೊರಗೆ ಬರುವುದಿಲ್ಲ ಎಂದವನು ಸಿದ್ದರಾಜು. ತಾಲ್ಲೂಕಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ನೌಕರ, ದಲಿತ ಕೇರಿಯವನು. ಹೆಂಡತಿ ಮಗಳ ಜೊತೆ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ. ಅವನು ಬಾರದಿದ್ದರೆ ಅಂಗಡಿಯಲ್ಲಿ ಸಾಮಾನು ಕೊಡಬಾರದು, ಯಾರೂ ಮಾತಾಡಿಸಬಾರದು ಎಂದು ಕೆಲವರು ಆಗಲೇ ಕೂಗಾಡುತ್ತಿದ್ದರಂತೆ.

ಇನ್ನೂ ಹೊರಡದೆ ಕೇಳುತ್ತಿದ್ದ ಮಹದೇವಸ್ವಾಮಿಯ ಕಣ್ಣು ಹೊಳೆಯಿತು. "ಮೇಡಂ, ಇದು ಸಾಯಂಕಾಲದ ಬ್ರೇಕಿಂಗ್ ನ್ಯೂಸು. ಒಂದೇ ಫೋನು, ಅರ್ಧ ಗಂಟೆಲಿ ವ್ಯಾನ್ ಬಂದ್ಬುಡ್ತದೆ."

"ಬಂದು?" ಎಂದೆ.

ರತ್ನಮ್ಮ ಅವನ ಕಡೆಗೇ ನೋಡುತ್ತಿದ್ದರು. "ವ್ಯಾನ್ ಬಂದ್ರೆ ಸಿದ್ದರಾಜಣ್ಣನ ಮನೆ ಮುಂದೆ ಜನ ಸೇರ್ತಾರೆ. ಆಮ್ಯಾಕೆ ವ್ಯಾನ್ ಓಯ್ತದೆ, ಜನ ಓಗಕಿಲ್ಲ" ಎಂದರು.

ನಾನು ತಡೆಯಲಿಲ್ಲ. ಸುದ್ದಿ ಅವನದು, ಹೊಟ್ಟೆಪಾಡೂ ಅವನದು. ಮೊದಲು ಹೋಗಿ ಕೇಳೋಣ, ಆಮೇಲೆ ಬರೆ ಎಂದಷ್ಟೇ ಹೇಳಿದೆ. ಅವನು ಫೋನನ್ನು ಜೇಬಿಗಿಳಿಸಿ, "ಬೇರೆ ಚಾನೆಲ್ನೋರು ಮೊದ್ಲೇ ಓಡ್ಸುದ್ರೆ ನನ್ ಕೆಲ್ಸ ಓಯ್ತದೆ ಮೇಡಂ" ಎಂದ. ಆದರೂ ಬಂದ.

ಮರುದಿನ ಮೂವರೂ ಹೋದೆವು. ಕೆರೆಯ ಕಡೆಯಿಂದ ಊರೊಳಗೆ ಹೋದರೆ ಕೇರಿಯ ಮೊದಲ ಮನೆಯೇ ಸಿದ್ದರಾಜುವಿನದು. ಹೊಸ ತಾರಸಿ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನ ಪಟ. ಅವನ ಹೆಂಡತಿ ಮಂಜುಳ ಕಾಫಿ ತಂದುಕೊಟ್ಟಳು. ಹೈಸ್ಕೂಲಿಗೆ ಹೋಗುವ ಮಗಳು ಸುಜಾತ ಬಾಗಿಲ ಹತ್ತಿರ ಕೂತು ಕೇಳಿಸಿಕೊಳ್ಳುತ್ತಿದ್ದಳು. ಮಹದೇವಸ್ವಾಮಿ ಕೇಳಿದ: "ಒಂದ್ ದಿನ ಒರ್ಗೆ ಕುಂತ್ಕಂಡು ಬಂದ್ರೆ ಏನಾಯ್ತದೆ ಅಣ್ಣ? ಊರ್ಗೂ ಸಮಾಧಾನ."

ಸಿದ್ದರಾಜು ಸಿಟ್ಟಾಗಲಿಲ್ಲ. ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿ ಸವೆದವನಂತೆ ಹೇಳಿದ: "ಚಿಕ್ಕೋನಿದ್ದಾಗ ನಾನೂ ಓಗಿವ್ನಿ. ನಮ್ ಕೇರಿಯೋರು ಮೊದ್ಲು ಒರ್ಗೆ ಓಗ್ಬೇಕು. ಸಾಯಂಕಾಲ ಊರ್ನೋರೆಲ್ಲ ಒಳಿಕೆ ಓದ್ಮೇಲೆ ಕೊನೇಲಿ ನಾವು. ಮುಳ್ಳು ಎಳ್ಯೋರೂ ನಾವೇ, ತೆಗ್ಯೋರೂ ನಾವೇ. ನಮ್ಮಪ್ಪನ ಅಂಗೈ ತುಂಬಾ ಗಾಯ. ಊರ್ ಬುಟ್ ಓಗು ಅಂದ್ರೆ ಓಗಾ ಕಾಲ ನಮ್ಮಪ್ಪಂಗೇ ಮುಗೀತು."

ಮತ್ತೆ ಅವನೇ ಹೇಳಿದ: "ಇನ್ನೊಂದು ಮಾತು. ನಂಗೆ ಆ ನಂಬ್ಕೆ ಇಲ್ಲ. ನಂಬ್ದೆ ಸುಮ್ನೆ ಓಗಿ ಕುಂತ್ಕಂಡ್ರೆ ಅದು ಊರ್ಗೂ ಮೋಸ, ಆ ಅವ್ವಂಗೂ ಮೋಸ."

ಮಹದೇವಸ್ವಾಮಿ ನನ್ನ ಮುಖ ನೋಡಿದ. ಕಾಲೇಜಿನ ಗೋಡೆಗಳ ನಡುವೆ ನಂಬಿಕೆ, ಆತ್ಮಸಾಕ್ಷಿ ಎಂದು ಎಷ್ಟೋ ವರ್ಷ ಮಾತಾಡಿದ್ದೆ. ನಂಬದವನೊಬ್ಬ ತಾನು ನಂಬದ ದೇವತೆಗೂ ಮೋಸ ಮಾಡಬಾರದೆಂದುಕೊಂಡಿರುವುದನ್ನು ಅದೇ ಮೊದಲು ಕೇಳಿದ್ದು.

ಅಲ್ಲಿಂದ ಮಾರಮ್ಮನ ಗುಡಿಗೆ ಹೋದೆವು. ಗುಡಿಯೆಂದರೆ ಮೂರು ಕಡೆ ಗೋಡೆ, ಮೇಲೊಂದು ಚಪ್ಪಡಿ, ಒಳಗೆ ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಮುಖದಂತಾದ ಒಂದು ಕಲ್ಲು. ಪೂಜೆ ಮಾಡುವವರು ಕೆಂಪಮ್ಮ. ಅವರೂ ಅದೇ ಕೇರಿಯವರು; ಸಿದ್ದರಾಜುವಿನ ತಂದೆಯ ಸ್ವಂತ ಅಕ್ಕ. ಈ ವಿಷಯವನ್ನು ರತ್ನಮ್ಮ ದಾರಿಯಲ್ಲಿ ಹೇಳಿದಾಗ ನಾನು ನಿಂತುಬಿಟ್ಟಿದ್ದೆ. ಜಗಳ ಊರಿಗೂ ಒಂದು ಮನೆಗೂ ಎಂದುಕೊಂಡಿದ್ದೆವು. ಅದು ಒಬ್ಬ ಅತ್ತೆಗೂ ಅವಳು ಎತ್ತಿ ಆಡಿಸಿದ ಅಳಿಯನಿಗೂ ನಡುವೆ ಇತ್ತು.

ಹೊರಬೀಡು ಯಾಕೆ ಎಂದು ಕೇಳಿದೆ. ಕೆಂಪಮ್ಮ ಕಲ್ಲಿನ ಕಡೆಗೆ ಕೈ ತೋರಿಸಿದರು. "ಈ ನೆಲ ಇವ್ಳ್ದು ಕಣವ್ವ. ನಾವು ವರ್ಸಾನುಗಟ್ಲೆ ಮನೆ ಕಟ್ಕಂಡು, ಕದ ಆಕ್ಕಂಡು, ನಂದು ನಿಂದು ಅಂತೀವಿ. ಇವ್ಳು ಒಂದ್ ಮಾತಾಡಾಳಾ? ಒಂದೇ ಒಂದ್ ದಿವ್ಸ ಅವ್ಳ್ದ ಅವ್ಳ್ಗೆ ಬುಟ್ಕೊಡ್ತೀವಿ. ಓಡಾಡ್ಕಳವ್ವ, ನೋಡ್ಕಳವ್ವ ಅಂತ. ಅಷ್ಟೇಯ."

"ಒಬ್ಬರು ಒಳಗೇ ಉಳಿದರೆ?"

ಆ ಮುಖ ಕುಗ್ಗಿಹೋಯಿತು. "ನಂಗೊತ್ತಿಲ್ಲ. ಯಾವತ್ತೂ ಯಾರೂ ಇರ್ನಿಲ್ಲ. ನಂಗೆ ಭಯ ಅಂದ್ರೆ ಆ ಮಗಿಂದು. ಅವ್ವ ಬಂದಾಗ ಎದ್ರಿಗೆ ಸಿಕ್ಬುಟ್ರೆ..." ಎಂದು ಸೆರಗನ್ನು ಬಾಯಿಗಿಟ್ಟುಕೊಂಡರು. ಆ ಮಗು ಎಂದರೆ ಸುಜಾತ. ಆ ಭಯವನ್ನು ಮೌಢ್ಯವೆಂದು ಕರೆಯಲು ನನಗೆ ನಾಲಗೆ ಬರಲಿಲ್ಲ.

ಎರಡು ದಿನದ ಮೇಲೆ ಪಂಚಾಯಿತಿ ಕಚೇರಿಯ ಜಗಲಿಯಲ್ಲಿ ಊರು ಸೇರಿತು. ಯಜಮಾನ ಬಸಪ್ಪನವರು ಗೋಡೆಗೊರಗಿ ಕೂತಿದ್ದರು. ದೊಡ್ಡ ಹಿಡುವಳಿಯವರು, ಹಣೆ ತುಂಬ ವಿಭೂತಿ. ಕೆಂಪಮ್ಮ ಅವರನ್ನು ಇವತ್ತಿಗೂ ಒಡೆಯರಿಗೆ ಅನ್ನುವಂತೆ "ಬುದ್ದಿ" ಎಂದೇ ಕರೆಯುವುದು. ಸಿದ್ದರಾಜು ಹಾಗೆ ಕರೆಯುತ್ತಿರಲಿಲ್ಲ, "ಬಸಪ್ಪನೋರೇ" ಎನ್ನುತ್ತಿದ್ದ. ಆ ಒಂದು ಪದಕ್ಕೇ ಅಲ್ಲಿ ಎಷ್ಟೋ ಜನರ ಹುಬ್ಬು ಗಂಟಾಗುತ್ತಿತ್ತು.

ಒಂದಷ್ಟು ಹೊತ್ತು ಕೂಗಾಟವಾಯಿತು. ಆಮೇಲೆ ಯಾರೋ ಒಬ್ಬರು ಉಪಾಯ ಹೇಳಿದರು: ಸಿದ್ದರಾಜುವಿನ ಮನೆ ಹೇಗೂ ಊರಿನ ಅಂಚಿನಲ್ಲಿದೆ, ಮುಳ್ಳನ್ನು ಆ ಮನೆಯ ಈಚೆಗೆ ಎಳೆದರಾಯಿತು. ಆಗ ಆ ಮನೆ ಊರಿನ ಹೊರಗಾಯಿತು. ಅವನು ಇದ್ದ ಹಾಗೂ ಆಯಿತು, ಊರು ಬರಿದಾದ ಹಾಗೂ ಆಯಿತು. ಜಗಲಿ ತುಂಬ ನಿಟ್ಟುಸಿರು. ಎಷ್ಟು ಸುಲಭ ಎಂದು ನನಗೂ ಅನಿಸಿತು.

ಸಿದ್ದರಾಜು ಎದ್ದ. ಅವನ ದನಿ ಏರಲಿಲ್ಲ. "ನಮ್ ತಾತ ಮುತ್ತಾತನ ಕಾಲ್ದಿಂದ ನಮ್ಮನ್ನ ಊರಾಚೆನೇ ಇಕ್ಕಿದ್ರಿ. ಈಗ ಮತ್ತೊಂದು ಸಲ ಗೆರೆ ಎಳ್ದು ಆಚೆ ಇಕ್ತೀರಾ? ನಾನು ಈ ಊರ್ನೋನು. ಊರೊಳ್ಗೇ ಇರ್ತೀನಿ."

ಹಿಂದೆ ನಿಂತಿದ್ದ ಒಬ್ಬ ಹುಡುಗ ಬಹಿಷ್ಕಾರ ಎಂದು ಕೂಗಿದ. ಆಗ ರತ್ನಮ್ಮ ಎದ್ದು ನಿಂತರು. ತರಗತಿಯಲ್ಲಿ ಅವರ ದನಿಯನ್ನು ಅಷ್ಟು ಗಟ್ಟಿಯಾಗಿ ನಾನು ಕೇಳಿರಲೇ ಇಲ್ಲ. "ನಾನೂ ಬರೋ ಮಂಗಳವಾರ ಒರ್ಗೆ ಓಗೋಳೇ. ಅವ್ವನ ಮ್ಯಾಲೆ ನಂಗೂ ಭಕ್ತಿ ಅದೆ. ಆದ್ರೆ ಓಗೋರ್ಗೂ ನಾನೇ ಅಧ್ಯಕ್ಷೆ, ಇರೋರ್ಗೂ ನಾನೇ ಅಧ್ಯಕ್ಷೆ. ಅಂಗ್ಡೀಲಿ ಸಾಮಾನು ಕೊಡ್ಬ್ಯಾಡಿ ಅನ್ನೋ ಮಾತು ಇನ್ನೊಂದ್ಸಲ ಬಂದ್ರೆ ನಾನೇ ಠಾಣೆಗೆ ಓಗಿ ಬರ್ಕೊಡ್ತೀನಿ."

ಅವರ ಸ್ವಂತ ಭಾವನವರೇ ಎದ್ದು ಹೊರನಡೆದರು. ರತ್ನಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಕೂತಾಗ ಮಾತ್ರ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅಷ್ಟರಲ್ಲಿ ಕೆಂಪಮ್ಮ ಮೆಲ್ಲನೆ ಹೇಳಿದರು: "ಅವ್ವನ್ನೇ ಕೇಳನ ಬುದ್ದಿ. ಹೂ ಇಕ್ಕಿ ಕೇಳನ."

ಸಿದ್ದರಾಜು ಅತ್ತೆಯ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತ. "ಅತ್ತೆ, ಕೇಳು. ಬ್ಯಾಡ ಅನ್ನಕಿಲ್ಲ. ಆದ್ರೆ ಹೂವು ಏನೇ ಏಳ್ಲಿ, ನಾನ್ ಮನೇಲೇ ಇರ್ತೀನಿ. ಅದ್ನ ಈಗ್ಲೇ ಏಳ್ಬುಡ್ತೀನಿ."

"ಗೊತ್ತು ಕಣ್ಲಾ ಮಗ. ನೀನು ಇರ್ಬೌದಾ ಅಂತ ಕೇಳಾಕಿಲ್ಲ ನಾನು. ನೀನು ಇರಾಗ ನಾವು ಓಗ್ಬೌದಾ ಅಂತ ಕೇಳ್ತೀನಿ. ಅದು ನಮ್ ಸಂಗ್ತಿ."

ಮಹದೇವಸ್ವಾಮಿ ನನ್ನ ಕಿವಿಯಲ್ಲಿ, "ಮೇಡಂ, ಈ ಅಜ್ಜಿ ಕೇಳೋ ಪ್ರಶ್ನೆನೇ ಬದಲಾಯಿಸ್ಬುಟ್ರಲ್ಲ" ಎಂದ.

ಶುಕ್ರವಾರ ಬೆಳಗ್ಗೆ ಗುಡಿಯ ಮುಂದೆ ಊರೆಲ್ಲ ನೆರೆಯಿತು. ಕೆಂಪಮ್ಮ ಮಿಂದು, ಒದ್ದೆ ಸೀರೆಯಲ್ಲೇ ಬಂದರು. ಎರಡು ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ, ಒಂದನ್ನು ಅವ್ವನ ಬಲಬದಿಗೂ ಒಂದನ್ನು ಎಡಬದಿಗೂ ಅಂಟಿಸಿದರು. ಬಲದ ಹೂ ಬಿದ್ದರೆ ಆಗಲಿ, ಎಡದ ಹೂ ಬಿದ್ದರೆ ಬೇಡ. ಮಹದೇವಸ್ವಾಮಿ ಫೋನು ತೆಗೆದು ಎತ್ತಿ ಹಿಡಿದಿದ್ದ. ಕೆಂಪಮ್ಮ ಕೈ ಮುಗಿದು ನಿಂತು ಕೇಳತೊಡಗಿದಾಗ, ಯಾರೂ ಹೇಳದೆಯೇ ಅವನ ಕೈ ಇಳಿಯಿತು. ಫೋನು ಜೇಬಿಗೆ ಹೋಯಿತು.

ಹೊರಗೆ ಗಾಳಿ ಹುಣಿಸೆಮರವನ್ನು ಹಿಡಿದು ಜಗ್ಗುತ್ತಿತ್ತು. ಒಳಗೆ ಆ ಎರಡು ಹೂಗಳು. ಇಡೀ ಊರಿನ ಕಣ್ಣು ಅಂಗೈಗಿಂತ ಚಿಕ್ಕದಾದ ಆ ಜಾಗದಲ್ಲಿ ನೆಟ್ಟಿತ್ತು. ಮಕ್ಕಳು ಕೂಡ ಅಳಲಿಲ್ಲ. ಕೆಂಪಮ್ಮ ಮೊದಲು ಬೇಡಿಕೊಂಡರು, ಆಮೇಲೆ ಅತ್ತರು, ಆಮೇಲೆ ಬೈದರು: "ಏಳೇ, ಬಾಯ್ ಬುಡೇ! ಇಷ್ಟ್ ಜನ ನಿಂತೌರೆ, ಕಾಣಾಕಿಲ್ವಾ?" ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಬಲದ ಹೂವೂ ಬೀಳಲಿಲ್ಲ, ಎಡದ ಹೂವೂ ಬೀಳಲಿಲ್ಲ.

ನಾನು ಅನೇಕ ಗುಡಿಗಳನ್ನು ನೋಡಿದ್ದೇನೆ. ಅಷ್ಟು ಜನ ಒಟ್ಟಿಗೆ, ಅಷ್ಟು ಹೊತ್ತು, ಉಸಿರನ್ನೂ ತೂಗಿ ಬಿಡುತ್ತ ಕಾದದ್ದನ್ನು ಮತ್ತೆಲ್ಲೂ ನೋಡಿಲ್ಲ.

ಕೊನೆಗೆ ಆ ಬಹಿಷ್ಕಾರದ ಹುಡುಗ ಕೂಗಿದ: "ಅವ್ವ ಮುನಿಸ್ಕಂಡವ್ಳೆ! ಅವ್ನಿಂದ್ಲೇ!"

ಕೆಂಪಮ್ಮ ತಿರುಗಿದರು. "ಮುನಿಸ್ಕಂಡಿದ್ರೆ ಎಡಕ್ಕೆ ಬೀಳ್ಸ್ತಿದ್ಲು. ಅವ್ವಂಗೆ ಎಡ ಬಲ ಗೊತ್ತಿಲ್ವೇನ್ಲಾ?" ಎಂದರು. ಸ್ವಲ್ಪ ಹೊತ್ತು ಕಲ್ಲನ್ನೇ ದಿಟ್ಟಿಸಿ ನೋಡಿ, ಆಮೇಲೆ ದಣಿದ ದನಿಯಲ್ಲಿ ಹೇಳಿದರು: "ಎಲ್ಲಾನೂ ತಂದು ನನ್ ಮ್ಯಾಲೇ ಏರ್ಬ್ಯಾಡಿ, ನಿಮ್ದ ನೀವೇ ನೋಡ್ಕಳಿ ಅಂತಾವ್ಳೆ."

ಎಲ್ಲರೂ ಬಸಪ್ಪನವರ ಕಡೆ ನೋಡಿದರು. ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. "ಸರಿ" ಎಂದರು. "ಮಂಗಳವಾರ ಒರ್ಗೆ ಓಗನ. ಅವ್ನು ಮನೇಲಿ ಇದ್ಕಳ್ಳಿ. ಮುಳ್ಳು ಅವ್ನ ಮನೆಯಿಂದ ಆಚ್ಗೇ ಬರ್ಲಿ, ಈಚ್ಗೆ ಬ್ಯಾಡ." ಅಷ್ಟು ಹೇಳಿ ಎದ್ದು ಹೋದರು.

ಹಿಂದಿರುಗುವಾಗ ಮಹದೇವಸ್ವಾಮಿ, "ಒದ್ದೆ ಮಾಡಿದ್ರಲ್ಲ ಮೇಡಂ, ಅದಕ್ಕೇ ಅಂಟ್ಕಂಡಿರ್ಬೌದು" ಎಂದ. ಇರಬಹುದು ಎಂದೆ. ಸ್ವಲ್ಪ ದೂರ ಹೋದ ಮೇಲೆ ಅವನೇ, "ಆದ್ರೂ..." ಎಂದ.

ಮಂಗಳವಾರ ಹೊತ್ತು ಏರುವ ಮೊದಲೇ ಊರು ಹೊರಟಿತು. ಮೊದಲು ಕೇರಿಯವರು, ಹಿಂದೆ ಉಳಿದವರು. ಗಾಡಿ, ಟ್ರ್ಯಾಕ್ಟರು, ಬೈಕು. ಮಂಕರಿಯಲ್ಲಿ ಕೋಳಿ, ತೊಡೆಯ ಮೇಲೆ ಕೂಸು, ಮಂಚದ ಸಮೇತ ಎತ್ತಿಕೊಂಡು ಬಂದ ಒಬ್ಬ ಅಜ್ಜ. ಕೆರೆಯ ಪಕ್ಕ, ಹೂವಿನ ಹೊಲಗಳ ಬದುವಿನ ಮೇಲೆ, ಹೊಂಗೆ ಮರಗಳ ಕೆಳಗೆ ಒಲೆಗಳು ಹೊತ್ತಿದವು. ಊರಬಾಗಿಲಿಗೆ ಮುಳ್ಳು ಬಿತ್ತು. ನಾನೂ ಮಹದೇವಸ್ವಾಮಿಯೂ ಮುಳ್ಳಿನ ಹತ್ತಿರ ಹೋಗಿ ನಿಂತು ಒಳಗೆ ನೋಡಿದೆವು.

ಹಗಲು ಹೊತ್ತಿನಲ್ಲಿ ಒಂದು ಊರು ಅಷ್ಟು ಸುಮ್ಮನಿರುವುದನ್ನು ನಾನು ಎಂದೂ ಕಂಡಿರಲಿಲ್ಲ. ಮೋಟಾರಿನ ಸದ್ದಿಲ್ಲ, ಟಿವಿಯಿಲ್ಲ, ಕೋಳಿಯಿಲ್ಲ. ಬೆಳಗ್ಗೆ ಇಟ್ಟ ರಂಗೋಲಿಯ ಪುಡಿಯನ್ನು ಗಾಳಿ ಬೀದಿಯುದ್ದಕ್ಕೂ ಎಳೆದುಕೊಂಡು ಹೋಗುತ್ತಿತ್ತು. ಒಂದು ತಂತಿಯ ಮೇಲೆ ಮರೆತ ಕೆಂಪು ಲಂಗ ಆಡುತ್ತಿತ್ತು. ಬೀಗ ಹಾಕಿದ ಬಾಗಿಲುಗಳ ಸಾಲನ್ನು ನೋಡುತ್ತ ನೋಡುತ್ತ ನನಗೆ ಕೆಂಪಮ್ಮನ ಮಾತು ಅರ್ಥವಾಯಿತು. ಮನುಷ್ಯರು ತಮ್ಮದೆಂದುಕೊಂಡದ್ದೆಲ್ಲವನ್ನೂ ಬಿಟ್ಟು ಬಂದಿದ್ದರು. ಊರು ಬೇರೆ ಯಾರದೋ ಆಗಿತ್ತು. ಯಾರೋ ನಡೆದು ಹೋಗುತ್ತಿದ್ದಾರೆಂದು ನಾನು ಹೇಳಲಾರೆ. ಯಾರೂ ಇಲ್ಲವೆಂದೂ ಹೇಳಲಾರೆ. ಪಕ್ಕದಲ್ಲಿ ಮಹದೇವಸ್ವಾಮಿ ಕಾಲಿನ ಚಪ್ಪಲಿ ಬಿಟ್ಟಿದ್ದ. ಯಾವಾಗ ಬಿಟ್ಟನೋ, ನನ್ನ ಕಾಲಲ್ಲೂ ಚಪ್ಪಲಿ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಹೊಲದಲ್ಲಿ ಊಟಕ್ಕೆ ಕೂತರು. ಕೆಂಪಮ್ಮ ಊರಿನ ಕಡೆ ಮುಖ ಮಾಡಿ ಕೈ ಮುಗಿದರು. ಅವ್ವ ಬೀದಿಯಲ್ಲಿರುವ ಹೊತ್ತು ಅದು. ಇಡೀ ಬದು ಮೌನವಾಯಿತು. ಆ ಮೌನದೊಳಗೆ, ಊರಿನ ಕಡೆಯಿಂದ, ಉದ್ದಕ್ಕೆ ಒಂದು ಸದ್ದು ಬಂತು.

ಕುಕ್ಕರಿನ ಸೀಟಿ.

ಸಿದ್ದರಾಜುವಿನ ಮನೆ ನಮಗೆ ಅಷ್ಟು ಹತ್ತಿರವಿತ್ತು. ಇನ್ನೊಂದು ಸೀಟಿ ಬಂತು. ಜನರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬಹಿಷ್ಕಾರದ ಹುಡುಗ ಧಡಕ್ಕನೆ ಎದ್ದ. ಅವನ ಜೊತೆಗೆ ಇನ್ನಿಬ್ಬರು ಎದ್ದರು. ರತ್ನಮ್ಮ ಎಲೆ ಬಿಟ್ಟು ಅವರ ದಾರಿಗೆ ಅಡ್ಡ ಹೋಗಿ ನಿಂತರು. ಇಷ್ಟು ದಿನ ಕಟ್ಟಿದ್ದೆಲ್ಲ ಈಗ ಒಂದು ಕುಕ್ಕರಿಗೆ ಬಿದ್ದುಹೋಗುತ್ತದೆ ಎಂದುಕೊಂಡೆ.

ಕೆಂಪಮ್ಮ ಮುಗಿದ ಕೈ ಇಳಿಸಲಿಲ್ಲ. ಕಣ್ಣು ತೆರೆಯಲೂ ಇಲ್ಲ. "ಬ್ಯಾಳೆ ಬೇಯ್ತಾದೆ" ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ಮಗ ಅಸ್ಕಂಡಿರ್ಬಾರ್ದಲ್ಲ."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಬದುವಿನುದ್ದಕ್ಕೂ ಹರಿಯಿತು. ಬಸಪ್ಪನವರು ಆ ಹುಡುಗನಿಗೆ, "ಕುಂತ್ಕಳ್ಲಾ, ಅನ್ನ ಆರೋಯ್ತದೆ" ಎಂದರು. ಅವನು ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಕೂತ. ಮೂರನೆಯ ಸೀಟಿ ಬಂದಾಗ ಯಾರೂ ತಲೆ ಎತ್ತಲಿಲ್ಲ.

ಹೊತ್ತು ಬೆಟ್ಟದ ಕಡೆ ಇಳಿದಾಗ ಎಲ್ಲರೂ ಊರಬಾಗಿಲಿಗೆ ಬಂದರು. ಮುಳ್ಳನ್ನು ಮೊದಲು ಮುಟ್ಟಬೇಕಾದವರು ಕೆಂಪಮ್ಮ. ಅವರು ಬಗ್ಗಿ ಕೊಂಬೆ ಹಿಡಿದರು, ಎಳೆಯಲಾಗಲಿಲ್ಲ. ಆಗ ಒಳಗಿನಿಂದ ಸಿದ್ದರಾಜು ಬಂದ. ಯಾರ ಮುಖವನ್ನೂ ನೋಡದೆ ಅತ್ತೆಯ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾನೇ ಕೊಂಬೆ ಎಳೆದು ಬದಿಗೆ ಹಾಕಿದ. ಮಹದೇವಸ್ವಾಮಿ ಹತ್ತಿರ ಹೋದಾಗ, "ಇದು ಚಾಕ್ರಿ ಅಲ್ಲ ಕಣಪ್ಪ. ಅತ್ತೆ ಕೈಗೆ ಮುಳ್ಳು ಚುಚ್ಕತದೆ" ಎಂದ.

ಅಪ್ಪನ ಹಿಂದೆ ಬಂದು ನಿಂತಿದ್ದ ಸುಜಾತಳ ಕೆನ್ನೆಯನ್ನು ಕೆಂಪಮ್ಮ ಎರಡೂ ಕೈಯಲ್ಲಿ ಹಿಡಿದು, ಹಣೆ ಮುಟ್ಟಿ ನೋಡಿದರು, ಕತ್ತು ಮುಟ್ಟಿ ನೋಡಿದರು. ಜ್ವರವಿರಲಿಲ್ಲ.

ಊರು ಒಳಗೆ ಹೋಗತೊಡಗಿತು. ಎಲ್ಲವೂ ಬದಲಾಯಿತೆಂದು ಹೇಳಲು ಆಸೆಯಾಗುತ್ತದೆ, ಆದರೆ ಹಾಗಾಗಲಿಲ್ಲ. ಮೊದಲು ಬಸಪ್ಪನವರ ಬೀದಿ, ಆಮೇಲೆ ಉಳಿದವರು, ಕೇರಿಯವರು ಮಾತ್ರ ಪಕ್ಕಕ್ಕೆ ನಿಂತು ಕಾಯುತ್ತಿದ್ದರು. ಯಾರೂ ನಿಲ್ಲಿ ಎಂದಿರಲಿಲ್ಲ, ಕಾಲು ತಾನಾಗಿ ನಿಂತಿತ್ತು. ಸಿದ್ದರಾಜು ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮಹದೇವಸ್ವಾಮಿಗೆ ಹೇಳಿದ: "ಅದ್ನೂ ಬರಿ."

ಚಾನೆಲ್ಲಿನವರು ಆ ಸುದ್ದಿ ತೆಗೆದುಕೊಳ್ಳಲಿಲ್ಲ. ನಂಬಿಕೆಗೆ ಧಕ್ಕೆ ಎನ್ನು, ಇಲ್ಲವೇ ಮೂಢನಂಬಿಕೆ ಎನ್ನು, ಎರಡೂ ಅಲ್ಲ ಎಂದರೆ ಏನು ಹಾಕಬೇಕು ಎಂದು ಕೇಳಿದರಂತೆ. ಪತ್ರಿಕೆಯವರು ಒಳಪುಟದಲ್ಲಿ ಹಾಕಿದರು. ಮಹದೇವಸ್ವಾಮಿ ಅದನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದಿದ್ದ. ಅಚ್ಚಾದದ್ದರಲ್ಲಿ ಅತ್ತೆಯ ಮಾತು ಇತ್ತು, ಅಳಿಯನ ಮಾತು ಇತ್ತು, ಹೂವು, ಕುಕ್ಕರು ಇತ್ತು. ಕೊನೆಗೆ ಒಂದು ಸಾಲು: ಮೊದಲು ಹೊರಗೆ ಹೋಗುವವರೂ ಕೊನೆಗೆ ಒಳಗೆ ಬರುವವರೂ ಇವತ್ತಿಗೂ ಅದೇ ಕೇರಿಯವರು.

ಆ ಸಾಲಿಗೆ ರತ್ನಮ್ಮ ಶನಿವಾರ ತರಗತಿಯಲ್ಲಿ ಅವನ ಮೇಲೆ ಹರಿಹಾಯ್ದರು. "ನಮ್ಮನೇಲಿ ನನ್ನ ಮಾತಾಡ್ಸೋರಿಲ್ಲ. ಇಷ್ಟೆಲ್ಲಾ ಮಾಡಿದ್ವಿ. ಕೊನೇಲಿ ಇದೊಂದು ಬರೀಬೇಕಿತ್ತಾ?" ಅವನು ತಲೆ ತಗ್ಗಿಸಿ, "ಸುಳ್ಳಾ ಅಕ್ಕ?" ಎಂದ. ರತ್ನಮ್ಮ ತಗಡಿನ ಮೇಲೆ ಬೀಳುತ್ತಿದ್ದ ಹನಿಗಳನ್ನು ಕೇಳುತ್ತ ಬಹಳ ಹೊತ್ತು ಕೂತಿದ್ದರು. ಕೆಲವು ವರ್ಷಗಳ ಮೇಲೆ ಮತ್ತೆ ಹೊರಬೀಡು ಬಂದಾಗ, ಅಧ್ಯಕ್ಷೆಯ ಪಟ್ಟ ಹೋಗಿದ್ದರೂ ಅವರೇ ಮುಂದೆ ನಿಂತು ಎಲ್ಲರನ್ನೂ ಒಟ್ಟಿಗೇ ಒಳಗೆ ಕರೆತಂದರೆಂದು, ಅದಕ್ಕೆ ಬಸಪ್ಪನವರು ಬಾಯಿ ತೆರೆಯಲಿಲ್ಲವೆಂದು ಫೋನಿನಲ್ಲಿ ತಿಳಿಯಿತು. ಆ ಸಲವೂ ಸಿದ್ದರಾಜು ಮನೆಯಲ್ಲೇ ಇದ್ದನಂತೆ.

ಆದರೆ ಆ ಆಷಾಢದಲ್ಲಿ ನನಗೆ ಎಲ್ಲಕ್ಕಿಂತ ಮಿಗಿಲಾದದ್ದು ಆಮೇಲೆ ನಡೆಯಿತು. ಪತ್ರಿಕೆಯಲ್ಲಿ ಏನು ಬಂದಿದೆಯೆಂದು ಕೇಳಬೇಕೆಂದು ಕೆಂಪಮ್ಮ ಹೇಳಿಕಳಿಸಿದರು. ಮಹದೇವಸ್ವಾಮಿ ನನ್ನನ್ನೂ ಕರೆದುಕೊಂಡು ಹೋದ. ಗುಡಿಯ ಮುಂದೆ ಕೂತು ಮೊದಲಿನಿಂದ ಓದಿದ. ಅವರು ಕಣ್ಣು ಮುಚ್ಚಿ ಕೇಳಿದರು. ಕೊನೆಯ ಸಾಲಿಗೆ, "ಔದು, ಸುಳ್ಳಲ್ಲ" ಎಂದರು. ನಾವು ಎದ್ದು ಹೊರಡುವಾಗ ಮತ್ತೆ ಕರೆದರು.

"ಹೂವಿನ್ ಮಾತು ಇನ್ನೊಂದ್ಸಲ ಓದಪ್ಪ."

ಅವನು ಓದಿದ: "ಬಹಳ ಹೊತ್ತು ಕಾದರೂ ದೇವಿ ಉತ್ತರ ಕೊಡಲಿಲ್ಲ."

"ಅಂಗ್ ಬರೀಬ್ಯಾಡ ಮಗ. ಉತ್ರ ಕೊಡ್ನಿಲ್ಲ ಅಂದ್ರೆ ಅವ್ಳು ಇರ್ನಿಲ್ಲ ಅಂದಂಗಾಯ್ತದೆ. ಇದ್ಲು. ಸುಮ್ಕಿದ್ಲು. ಸುಮ್ಕಿರಾದು ಬ್ಯಾರೆ."

ಮಹದೇವಸ್ವಾಮಿ ಅಲ್ಲಿಂದಲೇ ಪತ್ರಿಕೆಯ ಕಚೇರಿಗೆ ಫೋನು ಮಾಡಿದ. ಆ ಕಡೆಯವರು ನಗುತ್ತಿರುವುದು ನನಗೂ ಕೇಳಿಸಿತು. ಅವನು ನಗಲಿಲ್ಲ. ಇದು ಒಂದು ಪದದ ಪ್ರಶ್ನೆಯಲ್ಲ ಸರ್, ತಪ್ಪು ಸುದ್ದಿ ಹಾಕಿದ್ದೇವೆ ಎಂದ. ಮತ್ತೆ ಮರುದಿನ ಮಾಡಿದ, ಅದರ ಮರುದಿನವೂ ಮಾಡಿದ. ಕೊನೆಗೆ ಒಂದು ಬೆಳಗ್ಗೆ ಪತ್ರಿಕೆ ಬಿಡಿಸಿ ನೋಡಿದರೆ, ಒಳಪುಟದ ಮೂಲೆಯಲ್ಲಿ, ಎರಡು ಜಾಹೀರಾತುಗಳ ನಡುವೆ ಇಷ್ಟು ಇತ್ತು:

"ತಿದ್ದುಪಡಿ: ಹೊರಬೀಡಿನ ವರದಿಯಲ್ಲಿ ‘ದೇವಿ ಉತ್ತರ ಕೊಡಲಿಲ್ಲ’ ಎಂದು ಪ್ರಕಟವಾಗಿತ್ತು. ಅದನ್ನು ‘ದೇವಿ ಸುಮ್ಮನಿದ್ದಳು’ ಎಂದು ಓದಿಕೊಳ್ಳಬೇಕು."